ಜಮೀನು ಕೊಳ್ಳುವುದಕ್ಕೆ ಮೊದಲು ನೋಡತಕ್ಕ ದಾಖಲೆಗಳು

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಯೆಂಬುದು ಎಲ್ಲರಿಗೂ ತಿಳಿದ ವಿಷಯವೇ ಸರಿ. ಇಲ್ಲಿ ಖುಷ್ಕಿ ಜಮೀನೇ ಹೆಚ್ಚು. ಕಡಲೆಕಾಯಿ, ರಾಗಿ, ತೊಗರಿ, ಹುರುಳಿಗಳು ಮುಖ್ಯ ಫಸಲುಗಳು. ಕೊಳವೆಬಾವಿಯಲ್ಲಿ ನೀರು ದೊರೆತ ಕಡೆಗಳಲ್ಲಿ ಅಡಿಕೆ ತೆಂಗಿನ ತೋಟಗಳುಂಟು. ಬೆಳೆಯ ಆದಾಯವೊಂದನ್ನೇ ಲೆಕ್ಕಹಾಕಿದರೆ ಇಲ್ಲಿನ ಭೂಮಿಗೆ ಇಷ್ಟು ಗಿರಾಕಿ ಇರಲಾರದು. ಆದರೆ ಶಿರಾದ ಮೇಲೆ ಹಾದುಹೋಗುವ 48ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ, ಕೊರಟಗೆರೆ ತಾಲ್ಲೂಕಿಗೆ ನೆರೆಯಾದ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ತುಮಕೂರಿನಿಂದ ಮಧುಗಿರಿ ಪಾವಗಡಗಳ ಮೇಲೆ ರಾಯದುರ್ಗಕ್ಕೆ ಹೋಗತಕ್ಕ ರೈಲು ಮಾರ್ಗ, ಭದ್ರಾ ಮೇಲ್ದಂಡೆಯ ನೀರಿನ ನಿರೀಕ್ಷೆ, ಇವುಗಳೆಲ್ಲ ಸೇರಿ ಜಮೀನಿನ ಕ್ರಯವನ್ನು ಏರಿಸಿರುವುವು. ಇದಲ್ಲದೆ, ವ್ಯವಸಾಯಗಾರರಲ್ಲದವರು ಸಾಗುವಳಿ ಜಮೀನನ್ನು ಕೊಳ್ಳಕೂಡದೆಂಬ ನಿರ್ಬಂಧವು ಭೂಸುಧಾರಣಾ ಕಾಯಿದೆಯ 2020ನೆಯ ಇಸವಿಯ ತಿದ್ದುಪಡಿಯಿಂದ ತೆಗೆದುಹೋದ ಮೇಲೆ ಹೊರಗಿನ ಪಟ್ಟಣಗಳವರೂ ಈ ಕಡೆ ಬಂದು ವಿಚಾರಿಸುವುದುಂಟು.

ಕ್ರಯ ಏರಿದ ಕಡೆ ಅವಸರವೂ ಏರುವುದು ಸಹಜ. “ಈ ದಿನ ಸಂಚಕಾರ ಕೊಡದಿದ್ದರೆ ನಾಳೆ ಬೇರೊಬ್ಬರ ಪಾಲಾಗುವುದು” ಎಂಬ ದಳ್ಳಾಳಿಯ ಮಾತಿಗೆ ಸೋತು, ಮೊಬೈಲ್ ಫೋನಿನಲ್ಲಿ ಒಂದು ಪಹಣಿಯನ್ನು ನೋಡಿ, ಅದರಲ್ಲಿ ಮಾರುವಾತನ ಹೆಸರು ಕಂಡುಬಂದ ಮಾತ್ರಕ್ಕೆ ತೃಪ್ತರಾಗಿ ಹಣ ಕೊಟ್ಟುಬಿಡುವವರು ಹಲವರು. ಒಂದು ಸಂಸಾರದ ಇಪ್ಪತ್ತು ಮೂವತ್ತು ವರ್ಷಗಳ ಉಳಿತಾಯವೂ, ಹಲವು ವೇಳೆ ಒಡವೆಗಳನ್ನು ಅಡವಿಟ್ಟು ತಂದ ಸಾಲವೂ ಇಂಥ ಒಂದೇ ವ್ಯವಹಾರಕ್ಕೆ ಹೋಗುವುವು. ಆದುದರಿಂದ ಪಹಣಿಯು ಏನನ್ನು ಹೇಳುವುದು, ಏನನ್ನು ಹೇಳಲಾರದು, ಹೇಳದೆ ಬಿಟ್ಟುದನ್ನು ಎಲ್ಲಿ ನೋಡತಕ್ಕದ್ದು ಎಂಬುದನ್ನು ಗ್ರಾಮಗಳ ಮುಖ್ಯಸ್ಥರೂ ಜಮೀನುದಾರರೂ ವಿಶದವಾಗಿ ತಿಳಿದಿರುವುದು ಅವಶ್ಯಕ.

ಹಿಂದಿನ ಕಾಲದಲ್ಲಿ ಈ ದಾಖಲೆಗಳೆಲ್ಲ ಶ್ಯಾನುಭೋಗರ ದಫ್ತರದಲ್ಲಿದ್ದುವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1963ರಲ್ಲಿ ರದ್ದಾದ ಮೇಲೆ ಅವು ಗ್ರಾಮಲೆಕ್ಕಿಗರ ಕೈಗೆ ಬಂದುವು. ಅನಂತರ ಕಂದಾಯ ಇಲಾಖೆಯವರು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿ, 2002ನೆಯ ಇಸವಿಯ ಹೊತ್ತಿಗೆ ಕೈಬರಹದ ಪಹಣಿಯ ಪದ್ಧತಿಯನ್ನು ನಿಲ್ಲಿಸಿದರು. ಈಗ ಭೂಮಿ ಜಾಲತಾಣದಲ್ಲಿ ಯಾವನೇ ಆಗಲಿ ಯಾವ ಗ್ರಾಮದ ಯಾವ ಸರ್ವೆ ನಂಬರನ್ನಾದರೂ ಮನೆಯಲ್ಲಿಯೇ ಕುಳಿತು ನೋಡಬಹುದು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಪಕ್ಕದ ಹೊಲದವನ ಹಕ್ಕಿನ ಸ್ಥಿತಿಯನ್ನು ತಿಳಿಯಲು ಹಿಂದೆ ಎಷ್ಟು ಓಡಾಟ ಬೇಕಾಗಿತ್ತೆಂಬುದನ್ನು ವಯಸ್ಸಾದವರು ಬಲ್ಲರು.

ಹಾಗೆ ನೋಡುವುದರಲ್ಲಿಯೂ ಸ್ವಲ್ಪ ಎಚ್ಚರಿಕೆ ಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ನಂಬರು ಎಂಬ ಕ್ರಮದಲ್ಲಿ ಆರಿಸಿಕೊಂಡು ಹೋಗಬೇಕು. ಒಂದೇ ಹೆಸರಿನ ಗ್ರಾಮಗಳು ಒಂದೇ ತಾಲ್ಲೂಕಿನ ಎರಡು ಹೋಬಳಿಗಳಲ್ಲಿ ಇರಬಹುದು. ಗೊಲ್ಲರಹಟ್ಟಿ ಮುಂತಾದ ಹಟ್ಟಿಗಳಿಗೂ ಮಜರೆ ಗ್ರಾಮಗಳಿಗೂ ಹಲವು ವೇಳೆ ಕಂದಾಯ ಲೆಕ್ಕದಲ್ಲಿ ಪ್ರತ್ಯೇಕ ಹೆಸರಿರುವುದಿಲ್ಲ. ಅವುಗಳ ಹೊಲಗಳು ಮೂಲಗ್ರಾಮದ ಸರ್ವೆ ನಂಬರುಗಳಲ್ಲಿ ಸೇರಿರುವುವು. ಇದಕ್ಕೆ ವ್ಯತಿರಿಕ್ತವಾಗಿ ಒಂದು ಮನೆಯೂ ಇಲ್ಲದ ಬೇಚರಾಕ್ ಗ್ರಾಮಕ್ಕೆ ಲೆಕ್ಕದಲ್ಲಿ ತನ್ನದೇ ಹೆಸರೂ ನಂಬರುಗಳೂ ಇರುವುವು. ಆದುದರಿಂದ ಬಾಯಿಮಾತಿನ ಊರ ಹೆಸರನ್ನು ನಂಬದೆ, ಮಾರುವಾತನ ಬಳಿ ಇರುವ ಹಳೆಯ ಪತ್ರದಲ್ಲಿ ಬರೆದಿರುವ ಕಂದಾಯ ಗ್ರಾಮದ ಹೆಸರನ್ನೇ ಹಿಡಿದು ಹುಡುಕತಕ್ಕದ್ದು. ಪರದೆಯ ಮೇಲೆ ಕಾಣುವ ಪ್ರತಿಯು ಕೇವಲ ತಿಳಿವಳಿಕೆಗಾಗಿ. ವ್ಯವಹಾರಕ್ಕೆ ಬೇಕಾದುದು ಶುಲ್ಕ ಕೊಟ್ಟು ಪಡೆಯುವ ಗಣಕೀಕೃತ ರುಜುವುಳ್ಳ ಪ್ರತಿ. ಅದು ಜಾಲತಾಣದಲ್ಲಿಯೂ ನಾಡಕಚೇರಿಯಲ್ಲಿಯೂ ದೊರೆಯುವುದು.

ಪಹಣಿಯನ್ನು ಓದುವ ಬಗೆ

ಪಹಣಿಯ 3ನೆಯ ಕಾಲಮಿನಲ್ಲಿ ಒಟ್ಟು ವಿಸ್ತೀರ್ಣವನ್ನೂ ಖರಾಬನ್ನೂ ಅದು ಕಳೆದು ಉಳಿದುದನ್ನೂ ತೋರಿಸಿರುವುದು. ಖರಾಬಿನಲ್ಲಿ ಎರಡು ಬಗೆ. ಬಂಡೆ, ಕಲ್ಲುಗುಡ್ಡೆ ಮುಂತಾಗಿ ಸಾಗುವಳಿಗೆ ಬಾರದುದು ‘ಎ’ ಖರಾಬು; ದಾರಿ, ಹಳ್ಳ, ಕಾಲುವೆ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದುದು ‘ಬಿ’ ಖರಾಬು. ಈ ಎರಡನೆಯದು ಯಾರೊಬ್ಬರೂ ಮಾರತಕ್ಕ ಸ್ವತ್ತಲ್ಲ. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 4 ಎಕರೆ 10 ಗುಂಟೆ, ಅದರಲ್ಲಿ ‘ಬಿ’ ಖರಾಬು 22 ಗುಂಟೆ ಎಂದಿಟ್ಟುಕೊಂಡರೆ, ಕ್ರಯ ಗೊತ್ತುಮಾಡಬೇಕಾದುದು 3 ಎಕರೆ 28 ಗುಂಟೆಗೆ ಮಾತ್ರ. ದಳ್ಳಾಳಿಗಳು ಹೇಳುವ ಲೆಕ್ಕದಲ್ಲಿ ಈ ಅರ್ಧ ಎಕರೆಯು ಸಾಮಾನ್ಯವಾಗಿ ಸೇರಿಯೇ ಇರುವುದು.

9ನೆಯ ಕಾಲಮಿನಲ್ಲಿ ಹಕ್ಕುದಾರನ ಹೆಸರು, ಅವನ ಪಾಲಿನ ವಿಸ್ತೀರ್ಣ, ಖಾತಾ ನಂಬರುಗಳಿರುವುವು. ಜನರು ನೋಡುವುದು ಇದೊಂದನ್ನೇ. ಆದರೆ ಪಹಣಿಯ ಜೀವವಿರುವುದು 10 ಮತ್ತು 11ನೆಯ ಕಾಲಮುಗಳಲ್ಲಿ. 10ನೆಯದು ಆ ಹಕ್ಕು ಅವನಿಗೆ ಹೇಗೆ ಬಂದಿತೆಂಬುದನ್ನು ಮ್ಯುಟೇಷನ್ ನಂಬರಿನೊಡನೆ ಹೇಳುವುದು: ಕ್ರಯದಿಂದಲೋ, ವಿಭಾಗದಿಂದಲೋ, ಪೌತಿಯಿಂದಲೋ, ದಾನದಿಂದಲೋ, ಸರ್ಕಾರದ ಮಂಜೂರಾತಿಯಿಂದಲೋ. ಆ ನಂಬರನ್ನು ಹಿಡಿದು ಮ್ಯುಟೇಷನ್ ಪ್ರತಿಯನ್ನು ತೆಗೆಸಿ, ಅದರಲ್ಲಿ ಹೇಳಿರುವ ಹಿಂದಿನ ಹಕ್ಕುದಾರನಿಗೆ ಹೇಗೆ ಬಂದಿತೆಂದು ನೋಡಿ, ಹೀಗೆ ಒಂದೊಂದು ಮೆಟ್ಟಲನ್ನಾಗಿ ಹಿಂದಕ್ಕೆ ಹೋಗಬೇಕು. 11ನೆಯ ಕಾಲಮಿನಲ್ಲಿ ಬ್ಯಾಂಕಿನ ಮತ್ತು ಸಹಕಾರ ಸಂಘದ ಸಾಲ, ನ್ಯಾಯಾಲಯದ ತಡೆಯಾಜ್ಞೆ, ಭೂಸ್ವಾಧೀನದ ನೋಟೀಸು, ಗೇಣಿ ಕರಾರು, ಪರಭಾರೆ ನಿಷೇಧ ಮುಂತಾದುವು ನಮೂದಾಗಿರುವುವು. ಈ ಕಾಲಮು ಖಾಲಿಯಾಗಿದ್ದರೆ ಸಂತೋಷಪಡಬಹುದು, ಆದರೆ ಅಷ್ಟರಿಂದಲೇ ನಿಶ್ಚಿಂತರಾಗಕೂಡದು; ಬರೆಯಬೇಕಾಗಿದ್ದುದನ್ನು ಬರೆಯದೆ ಬಿಟ್ಟಿರುವುದೂ ಉಂಟು. 12ನೆಯ ಕಾಲಮು ಸಾಗುವಳಿದಾರನನ್ನೂ ಬೆಳೆಯನ್ನೂ ತೋರಿಸುವುದು. ಹಕ್ಕುದಾರನೊಬ್ಬನು, ಉಳುವವನು ಬೇರೊಬ್ಬನು ಆಗಿದ್ದರೆ ಕಾರಣವನ್ನು ವಿಚಾರಿಸದೆ ಮುಂದುವರಿಯಕೂಡದು.

ಪಹಣಿಯೆಂಬುದು ಹಕ್ಕನ್ನು ಸೃಷ್ಟಿಸುವ ಪತ್ರವಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 1964ನೆಯ ಇಸವಿಯ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ ಅದರಲ್ಲಿನ ನಮೂದು ತಪ್ಪೆಂದು ಸ್ಥಾಪಿತವಾಗುವವರೆಗೆ ಮಾತ್ರ ಅದನ್ನು ಸರಿಯೆಂದು ಭಾವಿಸತಕ್ಕದ್ದು. ಮ್ಯುಟೇಷನ್ನಿನಿಂದ ಹಕ್ಕು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬುದಾಗಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿತು. ಆಮೇಲೆ ಅನೇಕ ಸಾರಿ ಅದನ್ನೇ ಎತ್ತಿಹಿಡಿಯಿತು. ಆಸ್ಟ್ರೇಲಿಯ ದೇಶದ ದಕ್ಷಿಣ ಪ್ರಾಂತ್ಯದಲ್ಲಿ 1858ರಲ್ಲಿ ರಾಬರ್ಟ್ ಟಾರೆನ್ಸ್ ಎಂಬಾತನು ಜಾರಿಗೆ ತಂದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಅದಕ್ಕೆ ಸರ್ಕಾರವೇ ಹೊಣೆ. ನಮ್ಮ ನೆರೆಯ ಆಂಧ್ರಪ್ರದೇಶದವರು ಅದೇ ಜಾಡಿನಲ್ಲಿ ಒಂದು ಕಾಯಿದೆಯನ್ನು 2023ರಲ್ಲಿ ಜಾರಿಗೆ ತಂದು 2024ರಲ್ಲಿ ರದ್ದುಮಾಡಿದರು. ನಮ್ಮಲ್ಲಿ ಅಂಥ ಹೊಣೆಯನ್ನು ಸರ್ಕಾರ ಹೊತ್ತಿಲ್ಲ. ಹಕ್ಕನ್ನು ಪರೀಕ್ಷಿಸುವ ಭಾರ ಕೊಳ್ಳುವಾತನದೇ.

ಮಂಜೂರಾದ ಜಮೀನುಗಳು

10ನೆಯ ಕಾಲಮಿನ ದಾರಿಯನ್ನು ಹಿಡಿದು ಹಿಂದಕ್ಕೆ ಹೋದಾಗ ಅದು ಸರ್ಕಾರದ ಮಂಜೂರಾತಿಯಲ್ಲಿ ಕೊನೆಗಂಡರೆ ಅಲ್ಲಿ ನಿಂತು ಚೆನ್ನಾಗಿ ಆಲೋಚಿಸಬೇಕು. ಕೊಂಡವರು ಜಮೀನನ್ನೂ ಹಣವನ್ನೂ ಎರಡನ್ನೂ ಕಳೆದುಕೊಳ್ಳುವ ಅಪಾಯ ಅತಿ ಹೆಚ್ಚಾಗಿರುವುದು ಇಲ್ಲಿಯೇ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ಕಾಯಿದೆಯು 1978ನೆಯ ಇಸವಿಯದು. ಅದು 1979ನೆಯ ಇಸವಿ ಜನವರಿ 1ರಿಂದ ಜಾರಿಗೆ ಬಂದಿತು. ಬಡವರಿಗೆ ದೊರೆತ ನೆಲವು ಬರಗಾಲದಲ್ಲಿ ಒಂದೆರಡು ಪಲ್ಲ ರಾಗಿಗೂ, ಮದುವೆಯ ಸಾಲಕ್ಕೂ ಕೈಬಿಟ್ಟು ಹೋಗುತ್ತಿದ್ದುದೇ ಆ ಕಾಯಿದೆಗೆ ಕಾರಣ. ಅದರ 4ನೆಯ ಪ್ರಕರಣದಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಜಮೀನನ್ನು ಮಾರುವುದೂ ಕೊಳ್ಳುವುದೂ ಅಸಿಂಧು. ಮಂಜೂರಾತಿಯ ಷರತ್ತಿನಲ್ಲಿ ಹೇಳಿದ ನಿಷೇಧದ ಅವಧಿ ಕಳೆದುಹೋಗಿದ್ದರೂ ಈ ಅನುಮತಿ ಬೇಕೇ ಬೇಕು. ಅಸಿಸ್ಟೆಂಟ್ ಕಮಿಷನರವರು ಅರ್ಜಿಯ ಮೇಲಾಗಲಿ, ಯಾರಾದರೂ ತಿಳಿಸಿದ ಮೇಲಾಗಲಿ, ತಾವಾಗಿಯೇ ಆಗಲಿ ವಿಚಾರಣೆ ನಡೆಸಿ ಜಮೀನನ್ನು ಕೊಂಡವನ ಸ್ವಾಧೀನದಿಂದ ಬಿಡಿಸಿ, ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಕೊಡಿಸಬಹುದು. ಇದನ್ನು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಸಿಂಧುವೆಂದು ಎತ್ತಿಹಿಡಿದಿದೆ. 2017ರಲ್ಲಿ ಅದೇ ನ್ಯಾಯಾಲಯವು ಬಹುಕಾಲ ಕಳೆದ ಮೇಲೆ ಬಂದ ಅರ್ಜಿಗಳನ್ನು ಪುರಸ್ಕರಿಸಲಾಗದೆಂದು ಹೇಳಿತು. 2023ರಲ್ಲಿ ವಿಧಾನಮಂಡಲವು ಕಾಯಿದೆಯನ್ನೇ ತಿದ್ದಿ ಅರ್ಜಿಗೆ ಕಾಲಮಿತಿಯಿಲ್ಲವೆಂಬುದನ್ನು ಸೇರಿಸಿತು. ಈ ತಿದ್ದುಪಡಿಯ ಅರ್ಥವನ್ನು ಕುರಿತು ನ್ಯಾಯಾಲಯಗಳಲ್ಲಿ ವಾದಗಳು ನಡೆದಿವೆ. ವಕೀಲರ ವಾದದ ಮೇಲೆ ಭರವಸೆಯಿಟ್ಟು ಹಣ ಹಾಕುವುದು ಕೊಳ್ಳುವಾತನಿಗೆ ಯುಕ್ತವಲ್ಲ.

ನಡುವೆ ಎಷ್ಟು ಕೈ ಬದಲಾಗಿದ್ದರೂ ಈ ದೋಷ ಹೋಗುವುದಿಲ್ಲವೆಂಬುದೇ ಇದರ ಕಷ್ಟ. ಒಬ್ಬ ಗೃಹಸ್ಥನು ಹೊಲವೊಂದನ್ನು ಕೊಳ್ಳಲು ಹೊರಟನೆಂದು ಇಟ್ಟುಕೊಳ್ಳಬಹುದು. ಪಹಣಿಯಲ್ಲಿ ಮಾರುವಾತನ ಹೆಸರಿದೆ, 10ನೆಯ ಕಾಲಮಿನಲ್ಲಿ ‘ಕ್ರಯ’ ಎಂದಿದೆ, 11ನೆಯದು ಖಾಲಿಯಾಗಿದೆ, ಹದಿನೈದು ವರ್ಷದ ಋಣಭಾರ ಪತ್ರವೂ ಶುದ್ಧವಾಗಿದೆ. ಮಾರುವಾತನು ಕೊಂಡವನಿಂದ ಕೊಂಡವನು, ಆ ಮೊದಲನೆಯವನು 1985ರಲ್ಲಿ ಮಂಜೂರಾತಿದಾರನಿಂದ ಕೊಂಡವನು. ಹದಿನೈದು ವರ್ಷದ ಪತ್ರದಲ್ಲಿ ಆ 1985ರ ಕ್ರಯ ಕಾಣುವ ಬಗೆಯೇ ಇಲ್ಲ. ಗಣಕಯಂತ್ರದ ಪಹಣಿಯಲ್ಲಿಯೂ ಮಂಜೂರಾತಿಯ ಮಾತಿಲ್ಲ, ಏಕೆಂದರೆ ಆ ಕಾಲದ ಪಹಣಿಗಳು ಕೈಬರಹದವು. ಇಂಥ ಕಡೆ ಜಾಲತಾಣವು ಕೊಳ್ಳುವಾತನನ್ನು ಕಾಪಾಡಲಾರದು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಕೈಬರಹದ ಪಹಣಿಗಳನ್ನೂ ಮ್ಯುಟೇಷನ್ ರಿಜಿಸ್ಟರನ್ನೂ ಸಾಗುವಳಿ ಚೀಟಿಯ ಪ್ರತಿಯನ್ನೂ ಕೇಳಿ ಪಡೆಯಲೇಬೇಕು. ಈ ಹಳೆಯ ಕಡತಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಸೇರಿಸುವ ‘ಭೂ ಸುರಕ್ಷಾ’ ಎಂಬ ಕೆಲಸವನ್ನು ಕಂದಾಯ ಇಲಾಖೆಯವರು 2024ರಲ್ಲಿ ಆರಂಭಿಸಿರುವುದು ಈ ದೃಷ್ಟಿಯಿಂದ ಬಹಳ ಉಪಯುಕ್ತ.

ಈ ವಿಷಯದಲ್ಲಿ ಗ್ರಾಮದ ಮುಖ್ಯಸ್ಥರ ಹೊಣೆ ಹೆಚ್ಚಿನದು. ಯಾವ ಹೊಲ ಯಾರಿಗೆ ಯಾವ ಕಾಲದಲ್ಲಿ ಮಂಜೂರಾಯಿತೆಂಬುದು ದಾಖಲೆಗಿಂತ ಮೊದಲು ಅವರಿಗೆ ಗೊತ್ತಿರುವುದು. ಕರಾರು ಪತ್ರಕ್ಕೆ ಸಾಕ್ಷಿಯಾಗಿ ಅವರು ರುಜು ಹಾಕಿದರೆ ಹೊರಗಿನಿಂದ ಬಂದವನು ಅದನ್ನೇ ದೊಡ್ಡ ಆಧಾರವೆಂದು ನಂಬುವನು. ಮಂಜೂರಾತಿ ಜಮೀನಿನ ಗುಟ್ಟಿನ ವ್ಯಾಪಾರಕ್ಕೆ ಸಾಕ್ಷಿ ಹಾಕುವುದರಿಂದ ಕೊಂಡವನಿಗೂ ನಷ್ಟ, ಮಾರಿದ ಬಡವನಿಗೂ ಅಲೆದಾಟ.

ಇತರ ವರ್ಗದವರಿಗೆ ದರಖಾಸ್ತಿನ ಮೂಲಕವಾಗಲಿ ಬಗರ್‌ಹುಕುಂ ಸಕ್ರಮದ ಮೂಲಕವಾಗಲಿ ದೊರೆತ ಜಮೀನುಗಳಿಗೂ ಇಂತಿಷ್ಟು ವರ್ಷ ಪರಭಾರೆ ಮಾಡಕೂಡದೆಂಬ ಷರತ್ತು ಇರುವುದು. ಅದು ಸಾಗುವಳಿ ಚೀಟಿಯಲ್ಲಿಯೇ ಬರೆದಿರುವುದರಿಂದ ಮೂಲ ಚೀಟಿಯನ್ನು ಕಣ್ಣಾರೆ ನೋಡತಕ್ಕದ್ದು. ತೋಟಿ, ತಳವಾರ, ನೀರಗಂಟಿ ಮೊದಲಾದ ಚಾಕರಿ ಇನಾಮಿನ ಜಮೀನುಗಳಾದರೆ ಮರುಮಂಜೂರಾತಿಯ ಆಜ್ಞೆ ಉಂಟೇ ಎಂಬುದನ್ನೂ, ಅದಕ್ಕೆ ಮುಂಚೆ ಯಾರಾದರೂ ಮಾರಿರುವರೇ ಎಂಬುದನ್ನೂ ನೋಡಬೇಕು.

ಋಣಭಾರ ಪತ್ರ

ಉಪನೋಂದಣಾಧಿಕಾರಿಯ ಕಚೇರಿಯ ಪುಸ್ತಕಗಳಲ್ಲಿ ಆ ಜಮೀನಿನ ಮೇಲೆ ನಡೆದ ಕ್ರಯ, ಅಡವು, ದಾನ, ವಿಭಾಗ ಮುಂತಾದುವನ್ನು ಋಣಭಾರ ಪ್ರಮಾಣಪತ್ರವು ತೋರಿಸುವುದು. ವ್ಯವಹಾರಗಳು ನಡೆದಿದ್ದರೆ 15ನೆಯ ನಮೂನೆಯಲ್ಲಿಯೂ, ಏನೂ ಇಲ್ಲದಿದ್ದರೆ 16ನೆಯ ನಮೂನೆಯಲ್ಲಿಯೂ ಅದು ದೊರೆಯುವುದು. ‘ಕಾವೇರಿ’ ಜಾಲತಾಣದಲ್ಲಿ 2004ನೆಯ ಇಸವಿ ಏಪ್ರಿಲ್ 1ರಿಂದ ಈಚಿನ ವ್ಯವಹಾರಗಳನ್ನು ಹುಡುಕಬಹುದು. ಅದಕ್ಕೆ ಹಿಂದಿನದಕ್ಕೆ ಕಚೇರಿಗೇ ಅರ್ಜಿ ಕೊಡತಕ್ಕದ್ದು. ಮೂವತ್ತು ವರ್ಷಗಳ ಪತ್ರವನ್ನಾದರೂ ತೆಗೆಸುವುದು ವಾಡಿಕೆ. ಮಂಜೂರಾತಿ ಜಮೀನಾದರೆ ಮಂಜೂರಾತಿಯ ದಿನದವರೆಗೂ ಹೋಗಬೇಕೆಂಬುದು ಮೇಲಿನ ಉದಾಹರಣೆಯಿಂದಲೇ ತಿಳಿಯುವುದು. ಸರ್ವೆ ನಂಬರಿನಿಂದ ಒಂದು ಸಾರಿ, ಮಾರುವಾತನ ಹೆಸರಿನಿಂದ ಮತ್ತೊಂದು ಸಾರಿ ಹುಡುಕುವುದು ಮೇಲು. ಪತ್ರ ಬರೆದವರು ಹಿಸ್ಸಾ ನಂಬರನ್ನಾಗಲಿ ಗ್ರಾಮದ ಹೆಸರನ್ನಾಗಲಿ ಬೇರೆ ರೀತಿಯಾಗಿ ಬರೆದಿದ್ದರೆ ಮೊದಲನೆಯ ಹುಡುಕಾಟದಲ್ಲಿ ಅದು ತಪ್ಪಿಹೋಗುವುದು. 2024ನೆಯ ಇಸವಿ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಕಚೇರಿಯಲ್ಲಿಯಾದರೂ ಪತ್ರವನ್ನು ನೋಂದಾಯಿಸಬಹುದಾಗಿರುವುದರಿಂದ, ಪಾವಗಡದ ಜಮೀನಿನ ಕ್ರಯಪತ್ರವು ತುಮಕೂರಿನಲ್ಲಿ ರಿಜಿಸ್ಟರಾಗಿರುವುದೂ ಸಂಭವ. ನಮ್ಮೂರ ಕಚೇರಿಯಲ್ಲಿ ಏನೂ ಆಗಿಲ್ಲವೆಂಬ ಬಾಯಿಮಾತಿಗೆ ಈಗ ಬೆಲೆಯಿಲ್ಲ.

ರಿಜಿಸ್ಟರಾಗದ ಕರಾರು, ಮರಣಶಾಸನ, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿರುವ ದಾವೆ, ಇವು ಋಣಭಾರ ಪತ್ರದಲ್ಲಿ ಬಾರವು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತಂದ ಸಾಲವೂ ಎಲ್ಲ ವೇಳೆಯಲ್ಲಿ ಕಾಣದು. ಇದಕ್ಕಾಗಿಯೇ ಮಾರುವಾತನಿಂದ ಮೂಲಪತ್ರಗಳನ್ನು ಕೇಳಿ ನೋಡಬೇಕು. “ಮೂಲಪತ್ರ ಕಳೆದುಹೋಗಿದೆ, ನಕಲು ಇದೆ” ಎಂಬ ಉತ್ತರ ಬಂದರೆ ಹತ್ತಿರದ ಬ್ಯಾಂಕುಗಳಲ್ಲಿಯೂ ಸಹಕಾರ ಸಂಘದಲ್ಲಿಯೂ ವಿಚಾರಿಸುವವರೆಗೆ ಹಣ ಕೊಡದಿರುವುದು ಕ್ಷೇಮ. ದಾವೆಗಳನ್ನು ನ್ಯಾಯಾಲಯಗಳ ‘ಇ-ಕೋರ್ಟ್ಸ್’ ಜಾಲತಾಣದಲ್ಲಿ ಮಾರುವಾತನ ಮತ್ತು ಅವನ ಸೋದರರ ಹೆಸರಿನಿಂದ ಹುಡುಕಬಹುದು. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ಬದ್ಧನಾಗುವನು. ತನಗೆ ತಿಳಿಯದೆಂದು ಹೇಳಿದರೆ ನಡೆಯದು. ಮುಕ್ತಿಯಾರ್‌ನಾಮೆಯನ್ನು ಮಾತ್ರ ಪಡೆದು ‘ಕೊಂಡೆವು’ ಎಂದು ತೃಪ್ತರಾಗುವ ಪದ್ಧತಿಯು ಇನ್ನೂ ಕೆಲವೆಡೆ ಉಳಿದಿರುವುದು. ಅದು ಕ್ರಯವೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ತೀರ್ಮಾನಿಸಿದೆ.

ವಾರಸುದಾರರು

ತಂದೆಯೋ ತಾತನೋ ಕಾಲವಾಗಿ ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಮುಂದುವರಿದಿರುವ ಜಮೀನುಗಳು ಪ್ರತಿ ಗ್ರಾಮದಲ್ಲಿಯೂ ಉಂಟು. ಪೌತಿ ಖಾತೆಯಾಗದೆ ಅಂಥ ಜಮೀನಿನ ಮಾತುಕತೆಗೇ ಇಳಿಯಕೂಡದು. ಪೌತಿ ಖಾತೆಯು ಹಿರಿಯ ಮಗನ ಹೆಸರಿಗೆ ಆಗಿದ್ದರೂ ಅವನೊಬ್ಬನೇ ಒಡೆಯನೆಂದಲ್ಲ. ಸಂಸಾರದ ಪರವಾಗಿ ಅವನ ಹೆಸರನ್ನು ಬರೆಸಿರಬಹುದು. ನಾಡಕಚೇರಿಯ ವಂಶವೃಕ್ಷ ಪತ್ರವನ್ನು ತರಿಸಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳು ಬಿಟ್ಟುಹೋಗಿಲ್ಲವೆಂಬುದನ್ನು ಊರಿನಲ್ಲಿ ವಿಚಾರಿಸಿ ತಿಳಿಯಬೇಕು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಹಕ್ಕನ್ನು ಕೊಟ್ಟಿತ್ತು. 2005ನೆಯ ಇಸವಿ ಸೆಪ್ಟೆಂಬರ್ 9ರಿಂದ ಇಡೀ ದೇಶದ ಹಿಂದೂ ಉತ್ತರಾಧಿಕಾರ ಕಾಯಿದೆಯು ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ತಂದೆಯು ಆ ದಿನ ಬದುಕಿದ್ದಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ನೆಯ ಇಸವಿ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಸಂದೇಹಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸಿತು. 2004ನೆಯ ಇಸವಿ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರಾದ ವಿಭಾಗಪತ್ರವಿದ್ದರೆ ಮಾತು ಬೇರೆ. “ಅಕ್ಕತಂಗಿಯರಿಗೆ ಅರಿಸಿನ ಕುಂಕುಮಕ್ಕೆ ಕೊಟ್ಟಾಗಿದೆ, ಅವರು ಕೇಳುವುದಿಲ್ಲ” ಎಂಬ ಮಾತು ಬಾಂಧವ್ಯಕ್ಕೆ ಸಾಕು, ಕ್ರಯಪತ್ರಕ್ಕೆ ಸಾಲದು. ಅವರು ಹಿಂದೂಪುರದಲ್ಲಿರಲಿ ಬೆಂಗಳೂರಿನಲ್ಲಿರಲಿ ಕರೆಸಿ ರುಜು ಹಾಕಿಸಿಕೊಳ್ಳತಕ್ಕದ್ದು.

ಅಳತೆಯೂ ಎಲ್ಲೆಯೂ

ಪಹಣಿಯಲ್ಲಿ ವಿಸ್ತೀರ್ಣವುಂಟು, ನೆಲ ಎಲ್ಲಿದೆಯೆಂಬುದಿಲ್ಲ. ಅದಕ್ಕೆ ಸರ್ವೆ ಇಲಾಖೆಯ ಆಕಾರ್‌ಬಂದ್, ಟಿಪ್ಪಣಿ, ಗ್ರಾಮ ನಕ್ಷೆಗಳನ್ನು ನೋಡಬೇಕು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ರೆವಿನ್ಯೂ ಸರ್ವೆಯ ಅಳತೆಗಳೇ ಇಂದಿಗೂ ಇವಕ್ಕೆ ತಳಹದಿ. ಈ ತಾಲ್ಲೂಕುಗಳಲ್ಲಿ ಒಂದೇ ದೊಡ್ಡ ಸರ್ಕಾರಿ ಸರ್ವೆ ನಂಬರಿನಲ್ಲಿ ಹಲವರಿಗೆ ದರಖಾಸ್ತು ಮಂಜೂರಾಗಿ, ಪೋಡಿಯಾಗದೆ, ಪಹಣಿಯಲ್ಲಿ ಬರೆದ ಎಲ್ಲರ ವಿಸ್ತೀರ್ಣಗಳನ್ನು ಕೂಡಿಸಿದರೆ ಆಕಾರ್‌ಬಂದಿನ ಒಟ್ಟು ವಿಸ್ತೀರ್ಣಕ್ಕಿಂತ ಹೆಚ್ಚಾಗುವ ಸಂದರ್ಭಗಳುಂಟು. ಅಲ್ಲಿ ಕೊಂಡವನಿಗೆ ಕಾಗದದಲ್ಲಿ ಎರಡು ಎಕರೆ, ನೆಲದಲ್ಲಿ ಒಂದೂವರೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ 11ಇ ನಕ್ಷೆಯನ್ನು ತಯಾರಿಸಿಯೇ ರಿಜಿಸ್ಟರ್ ಮಾಡಿಸತಕ್ಕದ್ದೆಂದು ನಿಯಮವಿರುವುದು. ಅದಕ್ಕೆ ಬರುವ ಭೂಮಾಪಕರ ಮುಂದೆ ಕೊಳ್ಳುವಾತನೂ ನೆರೆಹೊರೆಯ ಹೊಲದವರೂ ಖುದ್ದಾಗಿ ನಿಂತಿರುವುದು ಒಳ್ಳೆಯದು. ದಿಶಾಂಕ್ ಎಂಬ ಮೊಬೈಲ್ ತಂತ್ರಾಂಶವು ನಿಂತ ಸ್ಥಳದ ಸರ್ವೆ ನಂಬರನ್ನೂ ಕೆರೆ, ಹಳ್ಳ, ಅರಣ್ಯಗಳ ಎಲ್ಲೆಯನ್ನೂ ಸುಮಾರಾಗಿ ತೋರಿಸುವುದು. ಮಾರುವಾತನು ಒಂದು ಹೊಲವನ್ನು ತೋರಿಸಿ ಬೇರೊಂದು ನಂಬರನ್ನು ಬರೆಸುವ ಮೋಸಕ್ಕೆ ಇದು ತಕ್ಕ ಮದ್ದು. ಎಲ್ಲೆಯ ಕಲ್ಲನ್ನು ಗೊತ್ತುಮಾ ಡುವ ಕೆಲಸಕ್ಕೆ ಮಾತ್ರ ಅದನ್ನು ನಂಬಬಾರದು.

ಭೂಸ್ವಾಧೀನದ ವಿಷಯವನ್ನೂ ಇದರ ಜೊತೆಗೇ ವಿಚಾರಿಸಬೇಕು. ರೈಲು ಮಾರ್ಗಗಳು, ಕೈಗಾರಿಕಾ ಪ್ರದೇಶ, ಭದ್ರಾ ಮೇಲ್ದಂಡೆಯ ಕಾಲುವೆಗಳು, ಎತ್ತಿನಹೊಳೆ ಯೋಜನೆಗಾಗಿ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲಿನಲ್ಲಿ ಗೊತ್ತುಮಾಡಿದ ಜಲಾಶಯ, ಇವುಗಳ ಆಸುಪಾಸಿನ ಸರ್ವೆ ನಂಬರುಗಳನ್ನು ಅಧಿಸೂಚನೆಗಳೊಡನೆ ತಾಳೆನೋಡದೆ ಕೊಳ್ಳಕೂಡದು. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಕೊಂಡವನು ಸ್ವಾಧೀನವನ್ನು ಪ್ರಶ್ನಿಸುವ ಹಕ್ಕನ್ನು ಪಡೆಯಲಾರನು.

ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯು 2,050 ಮೆಗಾವ್ಯಾಟಿನ ಸೌರವಿದ್ಯುತ್ ಪಾರ್ಕಿಗೆ ಸೇರಿರುವುದು. ಆದರೆ ಅದು ಕ್ರಯಕ್ಕೆ ಕೊಂಡದ್ದಲ್ಲ. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆಯ ಷರತ್ತಿನ ಮೇಲೆ, ದೀರ್ಘಕಾಲಕ್ಕೆ ಗೇಣಿಗೆ ಪಡೆದದ್ದು. ರೈತರ ಹೆಸರು ಪಹಣಿಯಲ್ಲಿ ಉಳಿದಿರುವುದು. ಇಂಥ ಜಮೀನನ್ನು ಕೊಳ್ಳುವವನು ಗೇಣಿಯ ಅವಧಿ ಮುಗಿಯುವವರೆಗೆ ಉಳಲಾರನು, ಅವನು ಕೊಳ್ಳುವುದು ಗೇಣಿಯ ಹಣವನ್ನು ಮಾತ್ರವೇ. ಆದುದರಿಂದ ಗೇಣಿ ಪತ್ರದ ಪ್ರತಿಯನ್ನು ಓದಿಸಿಕೊಂಡು, ಬಾಕಿ ಎಷ್ಟು ವರ್ಷ, ಮುಂಗಡ ಪಡೆದಿರುವರೇ ಎಂಬುದನ್ನು ತಿಳಿಯತಕ್ಕದ್ದು.

ಪಾವಗಡವನ್ನು ಬಹುಪಾಲು ಆಂಧ್ರಪ್ರದೇಶವೇ ಸುತ್ತುವರಿದಿದೆ. ಮಧುಗಿರಿಯ ಗಡಿಯೂ ಮಡಕಶಿರಾಕ್ಕೆ ಹೊಂದಿಕೊಂಡಿದೆ. ಗಡಿಯಾಚೆಯ ಹೊಲಗಳನ್ನು ಈಚೆಯವರು ಕೊಳ್ಳುವುದು ಹಿಂದಿನಿಂದ ನಡೆದುಬಂದಿದೆ. ಅವುಗಳ ದಾಖಲೆಯು ‘ಭೂಮಿ’ಯಲ್ಲಿ ದೊರೆಯದು, ‘ಮೀ ಭೂಮಿ’ ಎಂಬ ಅಲ್ಲಿನ ಜಾಲತಾಣದಲ್ಲಿ ಅಡಂಗಲ್ ಮತ್ತು 1-ಬಿ ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ದೊರೆಯುವುದು. ನಮ್ಮ 1978ರ ಕಾಯಿದೆಯಂತೆಯೇ ಅಲ್ಲಿಯೂ ಬಡವರಿಗೆ ಹಂಚಿದ ಜಮೀನುಗಳ ಪರಭಾರೆಗೆ 1977ರ ಕಾಯಿದೆಯೊಂದು ಅಡ್ಡಿಯಾಗಿರುವುದು.

ದಾಖಲೆ ಶುದ್ಧವಾಗಿದ್ದ ಮಾತ್ರಕ್ಕೆ ಜಮೀನು ಒಳ್ಳೆಯದೆಂದು ಅರ್ಥವಲ್ಲವೆಂಬುದನ್ನು ವ್ಯವಸಾಯಗಾರರಿಗೆ ಹೇಳಬೇಕಾದುದಿಲ್ಲ. ಪಹಣಿಯಲ್ಲಿ ‘ತರಿ’ಯೆಂದಿದ್ದರೂ ಕೆರೆ ಹೂಳು ತುಂಬಿ ಅಚ್ಚುಕಟ್ಟಿಗೆ ನೀರು ಹರಿದು ಎಷ್ಟೋ ವರ್ಷವಾಗಿರಬಹುದು. ಕೊಳವೆಬಾವಿಯ ನೀರನ್ನು ಮಳೆಗಾಲದಲ್ಲಿ ನೋಡದೆ ಬೇಸಗೆಯಲ್ಲಿ ನೋಡಬೇಕು; ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇದಕ್ಕೆ ತಕ್ಕ ಸಲಹೆ ದೊರೆಯುವುದು.

ಇವೆಲ್ಲವನ್ನೂ ನೋಡಿ ಕ್ರಯಪತ್ರವನ್ನು ರಿಜಿಸ್ಟರ್ ಮಾಡಿಸಿದ ಮೇಲೆಯೂ ಒಂದು ಕೆಲಸ ಉಳಿದಿರುವುದು. ಉಪನೋಂದಣಾಧಿಕಾರಿಯ ಕಚೇರಿಯಿಂದ ‘ಜೆ’ ನಮೂನೆಯ ತಿಳಿವಳಿಕೆಯು ಗಣಕಯಂತ್ರದ ಮೂಲಕ ತಾನಾಗಿಯೇ ತಾಲ್ಲೂಕು ಕಚೇರಿಗೆ ಹೋಗಿ, ಅಲ್ಲಿ ಮ್ಯುಟೇಷನ್ ನಂಬರು ಬಿದ್ದು, ನೋಟೀಸು ಹೊರಟು, ತಕರಾರಿಗೆ ಅವಕಾಶ ಕೊಟ್ಟ ಮೇಲೆ ಖಾತೆ ಬದಲಾಗುವುದು. ಈ ನಡುವೆ ಅದು ಯಾವ ಹಂತದಲ್ಲಿದೆಯೆಂಬುದನ್ನು ಭೂಮಿ ಜಾಲತಾಣದಲ್ಲಿಯೇ ಸರ್ವೆ ನಂಬರಿನ ಮೇಲೆ ನೋಡಬಹುದು. ಯಾರಾದರೂ ತಕರಾರು ಹಾಕಿದ್ದರೆ ಅಲ್ಲಿ ಕಾಣುವುದು. ಹಾಗಾದಲ್ಲಿ ತಹಶೀಲ್ದಾರರ ಮುಂದೆ ವಿಚಾರಣೆಯ ದಿನ ಪತ್ರಗಳೊಡನೆ ಹಾಜರಾಗತಕ್ಕದ್ದು. ಆಜ್ಞೆಯಿಂದ ಬಾಧಿತರಾದವರು ಮಧುಗಿರಿಯಲ್ಲಿ ಅಸಿಸ್ಟೆಂಟ್ ಕಮಿಷನರವರಿಗೆ ಅಪೀಲು ಸಲ್ಲಿಸಬಹುದು. 9ನೆಯ ಕಾಲಮಿನಲ್ಲಿ ತನ್ನ ಹೆಸರೂ, 10ನೆಯದರಲ್ಲಿ ತನ್ನ ಮ್ಯುಟೇಷನ್ ನಂಬರೂ ಬಂದ ಪಹಣಿಯ ಪ್ರತಿಯನ್ನು ಪಡೆದು, ವಿಸ್ತೀರ್ಣವನ್ನು 11ಇ ನಕ್ಷೆಯೊಡನೆ ತಾಳೆನೋಡಿ, ಕ್ರಯಪತ್ರದ ಜೊತೆಯಲ್ಲಿ ಕಟ್ಟಿಡತಕ್ಕದ್ದು.